ನಾವು ಕೂಡುತ್ತಿದ್ದ ಜಾಗಗಳು

(ಶತಮಾನೋತ್ಸವದ ಅಂಗವಾಗಿ ಜರಗಿದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನನಗೆ ಒಪ್ಪಿಸಿದ ವಿಷಯ ‘ಶಾಲೆ ಮತ್ತು ಊರು’ ಎಂದು. ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯ ಮೊದಲ ಎರಡು ಸಾಲುಗಳಲ್ಲಿಯೇ ಕುಳಿತಿದ್ದಾರೆ. ಅವರ ಮುಂದೆ ಆ ಭಾಗವನ್ನು ಹೇಳುವುದು ಸಾಹಸವೇ ಸರಿ. ಆದುದರಿಂದ ನಾನು ಊರಿನ ಕಡೆಯಿಂದ ಆರಂಭಿಸುತ್ತೇನೆ.

ಕಳೆದ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯ ಹಿರಿಯರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಬರಬೇಕು: ‘ನೀವು ಎಳವೆಯಲ್ಲಿ ಸಂಜೆಯ ಹೊತ್ತು ಯಾರ ಜೊತೆಗೆ, ಎಲ್ಲಿ ಕುಳಿತುಕೊಳ್ಳುತ್ತಿದ್ದಿರಿ?’ ಬಂದ ಉತ್ತರಗಳನ್ನೆಲ್ಲ ಸೇರಿಸಿ ಮಕ್ಕಳು ಕುಂಬಳೆಯ ಒಂದು ನಕ್ಷೆಯನ್ನು ಬರೆದಿದ್ದಾರೆ. ಅಧ್ಯಾಪಕರ ಕೊಠಡಿಯ ಹೊರಗೋಡೆಯಲ್ಲಿ ಅದನ್ನು ತೂಗುಹಾಕಿದ್ದೇವೆ. ಊಟದ ಸಮಯದಲ್ಲಿ ದಯವಿಟ್ಟು ನೋಡಬೇಕು. ಇಂದಿಗೂ ಜನ ಕೂಡುವ ಜಾಗಕ್ಕೆ ಹಸಿರು ಚುಕ್ಕೆ, ಇಲ್ಲವಾದ ಜಾಗಕ್ಕೆ ಕೆಂಪು ಚುಕ್ಕೆ. ನಕ್ಷೆ ದೂರದಿಂದ ನೋಡಿದರೆ ಮೈಗೆಲ್ಲ ಕೋಟಲೆ ಎದ್ದಂತೆ ಕೆಂಪಾಗಿದೆ.

ಕುಂಬಳೆಯೆಂದರೆ ಇಂದು ಹೆದ್ದಾರಿಯಲ್ಲಿ ಹೋಗುವವರಿಗೆ ಒಂದು ನಾಮಫಲಕ ಮಾತ್ರ. ಆದರೆ ಈ ಪುಟ್ಟ ಪೇಟೆ ಒಂದು ಕಾಲದಲ್ಲಿ ಅರಸೊತ್ತಿಗೆಯ ಊರು. ಅಡೂರು, ಮಧೂರು, ಕಣಿಪುರ, ಮುಜುಂಗಾವು ಎಂಬ ನಾಲ್ಕು ದೇವಾಲಯಗಳನ್ನು ಕಣ್ಣೆದುರು ಇಟ್ಟುಕೊಂಡು ‘ಕುಂಬಳೆ ಸೀಮೆ’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಅರಸರ ಪಟ್ಟಾಭಿಷೇಕ ನಡೆಯುತ್ತಿದ್ದುದು ನಮ್ಮ ಕಣಿಪುರದ ಗೋಪಾಲಕೃಷ್ಣನ ಸನ್ನಿಧಿಯಲ್ಲಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ಇಲ್ಲಿಂದ ಅಕ್ಕಿ ಮಾಲ್ದೀವಿಗೆ ಹೋಗಿ ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಕಂಪೆನಿ ಸರಕಾರ, ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, 1956ರ ನವೆಂಬರ್ 1ರಿಂದ ಕೇರಳ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಹುಟ್ಟಿದ ಅಜ್ಜ, ಮಗ, ಮೊಮ್ಮಗನಿಗೆ ಮೂರು ವಿಳಾಸ.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಮಕ್ಕಳ ನಕ್ಷೆ ನನಗೆ ಕಲಿಸಿದ್ದು ಬೇರೆ.

ನಮ್ಮ ನಾಡನ್ನು ಸಪ್ತಭಾಷೆಗಳ ನಾಡೆಂದು ಭಾಷಣಗಳಲ್ಲಿ ಹೊಗಳುತ್ತೇವೆ. ಆ ಹೊಗಳಿಕೆಯ ಒಳಗಡೆ ಒಂದು ಸತ್ಯ ಇದೆ, ಅದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಯಾವ ತರಗತಿಯಲ್ಲಾದರೂ ನಿಂತು ‘ಮನೆಯಲ್ಲಿ ಯಾವ ಭಾಷೆ?’ ಎಂದು ಕೇಳಿ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉಪ್ಪಳದ ಕಡೆಯಿಂದ ಬಂದವರಾದರೆ ಉರ್ದು. ಕನ್ನಡವೆಂದು ಹೇಳುವ ಮಕ್ಕಳೂ ಮನೆಯಲ್ಲಿ ಆಡುವುದು ಹವ್ಯಕ ಕನ್ನಡವನ್ನೋ ಇನ್ನೊಂದು ಬಗೆಯನ್ನೋ. ಪಠ್ಯಪುಸ್ತಕದ ಕನ್ನಡ ಇಲ್ಲಿ ಹೆಚ್ಚಿನವರ ಅಡುಗೆಮನೆಯ ಭಾಷೆಯಾಗಿರಲಿಲ್ಲ. ಹಾಗಾದರೆ ನಮ್ಮ ಅಜ್ಜಂದಿರು ಕನ್ನಡಕ್ಕಾಗಿ ಏಕೆ ಅಷ್ಟು ಮಿಡಿದರು? ಕನ್ನಡ ಶಾಲೆಗಳನ್ನು ಏಕೆ ಕಟ್ಟಿದರು? ನನಗೆ ತೋರುವ ಉತ್ತರ ಇದು: ಕನ್ನಡ ಅವರಿಗೆ ಕೂಡುವ ಭಾಷೆಯಾಗಿತ್ತು. ತುಳುವಿನ ಮನೆಯವನೂ ಕೊಂಕಣಿಯ ಅಂಗಡಿಯವನೂ ಮಲಯಾಳದ ದೋಣಿಯವನೂ ಜಗಲಿಗೆ ಬಂದು ಕುಳಿತಾಗ, ಓದುವುದಕ್ಕೆ, ವಾದಿಸುವುದಕ್ಕೆ, ಕತೆ ಕೇಳುವುದಕ್ಕೆ ಅಲ್ಲಿ ಇದ್ದುದು ಕನ್ನಡ. ಮನೆಯಲ್ಲಿ ಬಿಟ್ಟುಬಂದ ಭಾಷೆಯನ್ನು ಯಾರೂ ಕಳೆದುಕೊಳ್ಳಲಿಲ್ಲ. ಜಗಲಿಯಲ್ಲಿ ಒಂದನ್ನು ಹೆಚ್ಚಿಗೆ ಪಡೆದರು. ನಕ್ಷೆಯ ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ನನಗೆ ಹೊಳೆದದ್ದು ಇದು. ನಮ್ಮ ಶಾಲೆಗೆ ಹೊರಗೆ ಅನೇಕ ಜಗಲಿಶಾಲೆಗಳಿದ್ದುವು, ಅವು ಒಂದೊಂದಾಗಿ ಮುಚ್ಚಿದುವು.

ಎಲ್ಲಕ್ಕಿಂತ ದೊಡ್ಡ ಚುಕ್ಕೆ ಕಣಿಪುರದ ಬಯಲಿನದು. ಅದಕ್ಕೆ ಹಸಿರು ಹಚ್ಚಬೇಕೋ ಕೆಂಪು ಹಚ್ಚಬೇಕೋ ಎಂದು ಮಕ್ಕಳಲ್ಲಿ ಜಗಳವೇ ಆಯಿತು. ಮಕರ ಸಂಕ್ರಮಣದ ವೇಳೆಗೆ ಜಾತ್ರೆ ನಡೆಯುತ್ತದೆ, ‘ಕುಂಬಳೆ ಬೆಡಿ’ ನೋಡಲು ಇಂದಿಗೂ ಜನಸಾಗರ ಸೇರುತ್ತದೆ. ಹಾಗಾದರೆ ಹಸಿರೇ ಅಲ್ಲವೆ? ಆದರೆ ಒಬ್ಬ ಹುಡುಗನ ಅಜ್ಜ ಹೇಳಿ ಕಳುಹಿಸಿದ್ದರಂತೆ: ‘ಬೆಡಿ ನೋಡಲು ಬರುವವರು ಮೇಲೆ ನೋಡುತ್ತಾರೆ, ಆಟ ನೋಡಲು ಬರುವವರು ಎದುರು ನೋಡುತ್ತಿದ್ದರು.’ ಕೊನೆಗೆ ಅರ್ಧ ಹಸಿರು, ಅರ್ಧ ಕೆಂಪು ಹಚ್ಚಿದರು.

ಆಟವೆಂದರೆ ನಮ್ಮ ಕಡೆಯಲ್ಲಿ ಒಂದೇ: ಬಯಲಾಟ. ಯಕ್ಷಗಾನದ ಪಾರ್ತಿಸುಬ್ಬ ನಮ್ಮ ಊರಿನವನು. ತನ್ನ ಪ್ರಸಂಗಗಳಲ್ಲಿ ಕಣ್ವಪುರದ ಗೋಪಾಲಕೃಷ್ಣನನ್ನು ನೆನೆದವನು. ಅವನ ಕಾಲ ಯಾವುದು, ಯಾವ ಪ್ರಸಂಗ ಅವನದು, ಯಾವುದು ಅಲ್ಲ ಎಂಬ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂಥ ವಿದ್ವಾಂಸರು ವಾದಿಸಿದ್ದಾರೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ಮುಖ್ಯವಾದುದು ಪಂಚವಟಿ, ವಾಲಿಸಂಹಾರ, ಅಂಗದ ಸಂಧಾನ ಮುಂತಾದ ರಾಮಾಯಣದ ಪ್ರಸಂಗಗಳನ್ನು ಚಾಪೆಯ ಮೇಲೆ ಕುಳಿತು ಕೇಳಿದವರು ಯಾರು ಎಂಬುದು. ಗದ್ದೆ ಕೊಯ್ದ ಮೇಲೆ ರಂಗಸ್ಥಳ. ಮೊದಲು ದೀವಟಿಗೆ, ಮತ್ತೆ ಗ್ಯಾಸ್‌ಲೈಟು, ಕೊನೆಗೆ ವಿದ್ಯುದ್ದೀಪ. ಮಕ್ಕಳು ಬಾಲಗೋಪಾಲರ ವೇಷವನ್ನು ನೋಡಿ ನಿದ್ದೆಹೋಗಿ, ಚೆಂಡೆಯ ಸದ್ದಿಗೆ ಎದ್ದು ರಾಕ್ಷಸನ ಪ್ರವೇಶ ನೋಡಿ, ಮತ್ತೆ ನಿದ್ದೆಹೋಗಿ, ಬೆಳಗಾದ ಮೇಲೆ ನೇರ ಶಾಲೆಗೆ. ಮರುದಿನ ಶಾಲೆಯಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತೆಂದೂ, ಅಧ್ಯಾಪಕರು ಬೈಯುತ್ತಿರಲಿಲ್ಲವೆಂದೂ, ಏಕೆಂದರೆ ಅವರೂ ತೂಕಡಿಸುತ್ತಿದ್ದರೆಂದೂ ಇಲ್ಲಿಯ ಹಿರಿಯರೊಬ್ಬರು ಹೇಳಿದ್ದಾರೆ. ಮನೆಯಲ್ಲಿ ತುಳು ಆಡುವ ಹುಡುಗ ಬುಗುರಿಯಾಟದಲ್ಲಿ ಗೆದ್ದರೆ ‘ಭಳಿರೇ’ ಎಂದು ಕೂಗುತ್ತಿದ್ದ. ಸೋತವನನ್ನು ‘ಎಲವೋ ಮೂಢಾ’ ಎನ್ನುತ್ತಿದ್ದ. ವ್ಯಾಕರಣವನ್ನು ನಾವು ಕಲಿಸುವ ಮೊದಲೇ ಸಂಬೋಧನಾ ವಿಭಕ್ತಿ ಅವನ ನಾಲಿಗೆಯಲ್ಲಿ ಇತ್ತು.

ಮಳೆಗಾಲಕ್ಕೆ ಮೇಳಗಳು ಗೆಜ್ಜೆ ಬಿಚ್ಚಿದಾಗ ತಾಳಮದ್ದಳೆಯ ಸರದಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಮಾತು, ಅಷ್ಟೆ. ಮನೆಯ ಚಾವಡಿಯಲ್ಲಿ, ಅಂಗಡಿಯ ಉಪ್ಪರಿಗೆಯಲ್ಲಿ, ಕೆಲವು ಸಲ ನಮ್ಮ ಶಾಲೆಯ ಜಗಲಿಯಲ್ಲಿ. ಬರೆದು ಬಾಯಿಪಾಠ ಮಾಡಿದ ಮಾತಲ್ಲ ಅದು. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಅಲ್ಲಿಯೇ ಉತ್ತರ ಹುಟ್ಟಬೇಕು. ಇದೇ ಸೀಮೆಯಿಂದ ಹೊರಟ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಮಾತಿಗೆ ಕುಳಿತರೆ ರಾಮನೇ ತಬ್ಬಿಬ್ಬಾಗುವನೋ ಎಂದು ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ರಂಗದ ಮೇಲೆ ಅವರು ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯ ಬಪ್ಪ ಬ್ಯಾರಿಯಾಗಿ ಬಂದರೆ, ಆ ಪಾತ್ರವನ್ನು ತಮ್ಮವನೆಂದು ಮೆಚ್ಚಿ ನೋಡಿದ ಮುಸಲ್ಮಾನ ಪ್ರೇಕ್ಷಕರಿದ್ದರು. ಸೋತ ಪಕ್ಷದ ವಾದವನ್ನೂ ಕೊನೆಯ ತನಕ ಕೇಳುವ ತಾಳ್ಮೆಯನ್ನು ಈ ಊರಿನ ಜನ ಯಾವ ಪಠ್ಯದಿಂದಲೂ ಕಲಿತದ್ದಲ್ಲ.

ಇಲ್ಲಿ ನಾನು ನನ್ನದೊಂದು ಮಾತನ್ನು ಹೇಳಲೇಬೇಕು. ನಾನು ತಾಳಮದ್ದಳೆ ಕೇಳಿದ್ದು ಕಿಟಿಕಿಯ ಸರಳುಗಳ ಆಚೆಯಿಂದ. ಹೆಣ್ಣುಮಕ್ಕಳಿಗೆ ಜಗಲಿಯಲ್ಲಿ ಜಾಗವಿರಲಿಲ್ಲ. ಅರ್ಥಧಾರಿಗಳಿಗೆ ಚಾ ಕೊಡುವ ನೆಪದಲ್ಲಿ ಬಾಗಿಲ ತನಕ ಬರುತ್ತಿದ್ದೆವು, ಲೋಟ ತೆಗೆಯುವ ನೆಪದಲ್ಲಿ ಇನ್ನೊಮ್ಮೆ. ಜಗಲಿಯಲ್ಲಿ ಯಾರು ಕೂರಬಹುದು, ಯಾರು ಮೆಟ್ಟಿಲಲ್ಲಿ ಕೂರಬೇಕು, ಯಾರು ಅಂಗಳದ ತುದಿಯಲ್ಲಿ ನಿಂತೇ ಕೇಳಬೇಕು ಎಂಬುದು ಯಾರೂ ಬರೆದಿಡದ, ಎಲ್ಲರಿಗೂ ಗೊತ್ತಿದ್ದ ನಿಯಮ. ಮದರಾಸು ಪ್ರಾಂತ್ಯದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದೇ 1947ರಲ್ಲಿ. ಮನೆಗಳ ಜಗಲಿಗೆ ಯಾವ ಕಾನೂನೂ ಬರಲಿಲ್ಲ. ಒಬ್ಬ ಹುಡುಗಿಯ ಅಜ್ಜ ನಮ್ಮ ಪ್ರಶ್ನೆಗೆ ಕೊಟ್ಟ ಉತ್ತರ ಹೀಗಿತ್ತು: ‘ನಾವು ಕುಳಿತುಕೊಳ್ಳುತ್ತಿರಲಿಲ್ಲ ಮಗಾ, ನಿಂತುಕೊಳ್ಳುತ್ತಿದ್ದೆವು.’ ಆ ಮಾತನ್ನು ಮಕ್ಕಳು ನಕ್ಷೆಯ ಅಂಚಿನಲ್ಲಿ ಹಾಗೆಯೇ ಬರೆದಿದ್ದಾರೆ. ಅಳಿಸಲು ನಾನು ಹೇಳಲಿಲ್ಲ. ಹಳೆಯದನ್ನು ನೆನೆಯುವಾಗ ಅದರ ಈ ಅಂಚನ್ನು ಮಡಚಿಡುವುದು ಅಧ್ಯಾಪಕಿಗೆ ತಕ್ಕುದಲ್ಲ. ಅವರೆಲ್ಲರೂ ಒಂದೇ ಚಾಪೆಯಲ್ಲಿ ಕುಳಿತ ಜಾಗ ಊರಿನಲ್ಲಿ ಯಾವುದಾದರೂ ಇದ್ದರೆ ಅದು ಶಾಲೆ. ಅದೂ ಮೊದಲ ದಿನದಿಂದಲೇ ಹಾಗಿತ್ತೆಂದು ಎದೆತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಹೆಂಗಸರು ಕೂಡುತ್ತಿದ್ದ ಜಾಗಗಳು ಬೇರೆ. ಬಾವಿಕಟ್ಟೆ, ಕೆರೆಯ ಮೆಟ್ಟಿಲು, ರೇಷನ್ ಅಂಗಡಿಯ ಸಾಲು. ಇವುಗಳಿಗಿಂತ ಮುಖ್ಯವಾಗಿ ಬೀಡಿಯ ಬ್ರಾಂಚು. ಈ ಸಭೆಯಲ್ಲಿರುವ ಎಷ್ಟೋ ಮಂದಿಯ ಶಾಲೆಯ ಪುಸ್ತಕ, ಕೊಡೆ, ಚಪ್ಪಲಿ ಬಂದದ್ದು ತಾಯಿ ಕಟ್ಟಿದ ಬೀಡಿಯಿಂದ. ಎಲೆ, ಹೊಗೆಸೊಪ್ಪು, ನೂಲು ತರುವುದು. ಮಡಿಲಲ್ಲಿ ಮೊರ ಇಟ್ಟುಕೊಂಡು ಸುರುಳಿ ಸುತ್ತುವುದು. ಕಟ್ಟು ಮಾಡಿ ಬ್ರಾಂಚಿಗೆ ಒಯ್ದು, ಎಷ್ಟು ಬೀಡಿ ತಿರಸ್ಕಾರಕ್ಕೆ ಹೋಗುತ್ತದೋ ಎಂಬ ಅಂಜಿಕೆಯಲ್ಲಿ ಸಾಲು ನಿಲ್ಲುವುದು. ಆ ಸಾಲಿನಲ್ಲಿ ತುಳು, ಮಲಯಾಳ, ಬ್ಯಾರಿ ಎಲ್ಲವೂ ಬೆರೆತು ಹರಿಯುತ್ತಿದ್ದುವು. ಯಾರ ಮಗಳಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ, ಯಾವ ಶಾಲೆಯಲ್ಲಿ ಬೆತ್ತ ಜಾಸ್ತಿ ಎಂಬ ಸುದ್ದಿ ನಮ್ಮ ಪ್ರಗತಿಪತ್ರಕ್ಕಿಂತ ಮೊದಲು ಅಲ್ಲಿಗೆ ತಲುಪುತ್ತಿತ್ತು. ನನ್ನ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಬೀಡಿಯ ಮೊರದ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು, ಸುತ್ತುತ್ತಲೇ ಪದ್ಯ ಕಂಠಪಾಠ ಮಾಡುತ್ತಿದ್ದಳು. ಪುಟ ತಿರುಗಿಸಲು ತಮ್ಮನನ್ನು ಕೂರಿಸಿಕೊಳ್ಳುತ್ತಿದ್ದಳು. ಆ ತಮ್ಮನಿಗೂ ಪದ್ಯ ಬಂತು. ಈಗ ಬೀಡಿ ಕಟ್ಟುವವರು ಕಡಿಮೆ. ಅದಕ್ಕೆ ನಾನು ವ್ಯಥೆಪಡಲಾರೆ. ಆ ತಾಯಂದಿರ ಕೆಮ್ಮನ್ನು ನಾನು ಕೇಳಿದ್ದೇನೆ.

ಹೊಳೆಯ ಕಡವಿನ ಬಗ್ಗೆ ಬಂದ ಉತ್ತರಗಳು ಅನೇಕ. ಕುಂಬಳೆ ಹೊಳೆ, ಶಿರಿಯ ಹೊಳೆ, ಮೊಗ್ರಾಲು ಹೊಳೆ. ಸಂಕಗಳಿಲ್ಲದ ದಿನಗಳಲ್ಲಿ ದೋಣಿ ಆಚೆ ದಡದಿಂದ ಬರುವ ತನಕ ಈಚೆ ದಡದಲ್ಲಿ ಕಾಯಲೇಬೇಕು. ಕಾಯುವವರಲ್ಲಿ ಮಾತು ಹುಟ್ಟಲೇಬೇಕು. ಹೊಳೆ ತುಂಬಿದರೆ ಶಾಲೆಗೆ ರಜೆ. ‘ದೋಣಿ ಇಲ್ಲ’ ಎಂಬ ಎರಡೇ ಶಬ್ದಗಳ ರಜಾ ಅರ್ಜಿಯನ್ನು ಅಧ್ಯಾಪಕರು ಪ್ರಶ್ನಿಸದೆ ಒಪ್ಪುತ್ತಿದ್ದರಂತೆ, ಬಿಸಿಲು ಕಾಯುವ ದಿನದಲ್ಲಿಯೂ! ಇನ್ನು ಕೋಳಿಅಂಕ, ಗಡಂಗು ಮುಂತಾದುವೂ ನಕ್ಷೆಯಲ್ಲಿವೆ. ಮಕ್ಕಳು ಪ್ರಾಮಾಣಿಕರು. ಅವುಗಳ ವರ್ಣನೆಯನ್ನು ನಾನು ಹಿರಿಯ ವಿದ್ಯಾರ್ಥಿಗಳ ನೆನಪಿಗೇ ಬಿಡುತ್ತೇನೆ.

ರೈಲು ಮಂಗಳೂರಿನ ತನಕ ಬಂದದ್ದು 1907ರಲ್ಲಿ. ಆ ಮೇಲೆ ನಮ್ಮ ನಿಲ್ದಾಣವೂ ಕೂಡುವ ಜಾಗವಾಯಿತು. ಪ್ರಯಾಣವಿಲ್ಲದವರೂ ಅಲ್ಲಿಗೆ ಹೋಗುತ್ತಿದ್ದರು, ಮಂಗಳೂರಿನಿಂದ ಬರುವ ಪತ್ರಿಕೆಯ ಕಟ್ಟಿಗಾಗಿ. ಒಂದು ಕಾಲಕ್ಕೆ ‘ನವಭಾರತ’, 1970ರ ನಂತರ ‘ಉದಯವಾಣಿ’. ಕಟ್ಟು ಬಿಚ್ಚಿದ ಮೇಲೆ ಒಂದು ಪ್ರತಿ ಹೋಟೆಲಿನ ಬೆಂಚಿಗೆ, ಒಂದು ಜವಳಿ ಅಂಗಡಿಯ ಜಗಲಿಗೆ. ಓದಲು ಬರುವವನೊಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಶಾಲೆ ಬಿಟ್ಟು ಹೋಗುವ ದಾರಿಯಲ್ಲಿ ನಮ್ಮ ಆರನೆಯ, ಏಳನೆಯ ತರಗತಿಯ ಹುಡುಗರನ್ನು ಕರೆದು ಓದಿಸುವ ರೂಢಿಯೂ ಇತ್ತು. ತಪ್ಪಿಲ್ಲದೆ ಓದಿದವನಿಗೆ ಒಂದು ಗೋಳಿಬಜೆ. ಇಲ್ಲಿರುವ ಕೆಲವರು ನಗುತ್ತಿದ್ದೀರಿ. ಗೋಳಿಬಜೆ ತಿಂದವರು ಯಾರೆಂದು ನನಗೆ ಗೊತ್ತಾಯಿತು. ರಾಜ್ಯ ಪುನರ್ವಿಂಗಡಣೆಯ ಸುದ್ದಿಯನ್ನೂ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ವರದಿಯನ್ನೂ ಊರು ಕೇಳಿದ್ದು ಇಂಥ ಬೆಂಚುಗಳಲ್ಲಿ ಕುಳಿತು. ವರದಿ ಜಾರಿಗೆ ಬರಲಿಲ್ಲ. ಕನ್ನಡದ ಪರವಾಗಿ ಕೊನೆಯ ತನಕ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಪೆರಡಾಲದಲ್ಲಿ ಅಧ್ಯಾಪಕರಾಗಿದ್ದವರು, ಕೃಷಿಕರಾಗಿದ್ದವರು, ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ತೀರಿಕೊಂಡವರು. ನಮ್ಮ ಶಾಲೆಯಷ್ಟೇ ಪ್ರಾಯ ಕಂಡ ಮೇಷ್ಟ್ರು ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯೂ ಅಂಥದೊಂದು ಕೂಡುವ ಜಾಗ. ವಿದ್ವಾಂಸರು ಅಲ್ಲಿಗೆ ಅರಸಿಕೊಂಡು ಬರುತ್ತಿದ್ದರು. ಅವರ ಗ್ರಂಥಭಂಡಾರ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸೇರಿ ಸುರಕ್ಷಿತವಾಯಿತು. ಮನೆ ಇಲ್ಲಿ, ಪುಸ್ತಕ ಅಲ್ಲಿ. ಅವರ ಕವನಸಂಕಲನದ ಹೆಸರನ್ನೇ ಹೊತ್ತ ‘ಗಿಳಿವಿಂಡು’ ಸ್ಮಾರಕ ಈಗ ಆ ಮನೆಯ ಆವರಣದಲ್ಲಿ ಎದ್ದು ನಿಂತಿದೆ. ಮಕ್ಕಳನ್ನು ಪ್ರವಾಸ ಕರೆದೊಯ್ಯುವವರು ಅದನ್ನು ಮರೆಯಬಾರದು. ಅದೇ ಮಂಜೇಶ್ವರದ ಉದ್ಯಾವರದಲ್ಲಿ ಇಂದಿಗೂ ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು ಉತ್ಸವಕ್ಕೆ ಮುನ್ನ ಒಂದು ಶುಕ್ರವಾರ ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುತ್ತಾರೆ. ನಮ್ಮ ನೆರೆಯ ಮೊಗ್ರಾಲಿನಲ್ಲಿ ಮಾಪ್ಪಿಳಪ್ಪಾಟಿನ ಪರಂಪರೆ ಇದೆ, ಚೆಂಡಾಟದ ಮೈದಾನವಿದೆ. ಹಸಿರು ಚುಕ್ಕೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ.

ಹೀಗಿದ್ದ ಜಾಗಗಳು ಹೋದುವು ಹೇಗೆ? ಸಂಕ ಬಂದು ಕಡವು ಹೋಯಿತು. ನಳ್ಳಿ ಬಂದು ಬಾವಿಕಟ್ಟೆ ಹೋಯಿತು. ದೂರದರ್ಶನ ಬಂದು ಬಯಲು ತೆರವಾಯಿತು. ಜಗಲಿಗೆ ಕಬ್ಬಿಣದ ಗೇಟು ಬಂತು. ಕೊನೆಯದಾಗಿ ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಆರು ಪಥಗಳಾದಾಗ ರಸ್ತೆಬದಿಯ ಮರಗಳೂ ಹಳೆಯ ಅಂಗಡಿಸಾಲುಗಳೂ ಹೋದುವು. ಸಂಕ ಬೇಡ, ನಳ್ಳಿ ಬೇಡ, ರಸ್ತೆ ಬೇಡ ಎನ್ನುವವಳು ನಾನಲ್ಲ. ಹೊಳೆ ತುಂಬಿದ ದಿನ ಹೆರಿಗೆಗೆ ಆಸ್ಪತ್ರೆ ಸೇರಲಾಗದೆ ಹೋದವರ ಕತೆಯನ್ನೂ ಮಕ್ಕಳು ಕೇಳಿಕೊಂಡು ಬಂದಿದ್ದಾರೆ.

ನನ್ನ ಚಿಂತೆ ಬೇರೆ ಕಡೆಯಲ್ಲಿದೆ. ಜನ ಕೂಡುವುದು ನಿಂತಿದೆಯೆಂದು ನಾವು ಗೊಣಗುತ್ತೇವೆ; ನಕ್ಷೆ ಮಾಡುವಾಗ ನಾನೂ ಹಾಗೆಯೇ ಭಾವಿಸಿದ್ದೆ. ಒಬ್ಬಳು ವಿದ್ಯಾರ್ಥಿನಿ ನನ್ನನ್ನು ತಿದ್ದಿದಳು. ‘ಟೀಚರ್, ನನ್ನ ಅಮ್ಮ ಪ್ರತಿ ವಾರ ಕುಟುಂಬಶ್ರೀಗೆ ಹೋಗುತ್ತಾರಲ್ಲ, ಅದಕ್ಕೆ ಯಾವ ಚುಕ್ಕೆ?’ ಎಂದಳು. ನಿಜ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟಗಳಲ್ಲಿ, ಗ್ರಾಮಸಭೆಗಳಲ್ಲಿ, ಅಂಗನವಾಡಿಯ ಸಭೆಗಳಲ್ಲಿ ನಮ್ಮ ತಾಯಂದಿರು ಹಿಂದೆಂದಿಗಿಂತ ಹೆಚ್ಚು ಕೂಡುತ್ತಿದ್ದಾರೆ. ಕಿಟಿಕಿಯ ಸರಳಿನ ಆಚೆಯಲ್ಲಲ್ಲ, ಕುರ್ಚಿಯಲ್ಲಿ ಕುಳಿತು, ಲೆಕ್ಕಪುಸ್ತಕವನ್ನು ಎದುರಿಟ್ಟುಕೊಂಡು. ಇದು ಜಗಲಿಯ ಕಾಲಕ್ಕಿಂತ ದೊಡ್ಡ ಸಂಗತಿ. ಆದರೆ ಅಲ್ಲಿ ಸುತ್ತೋಲೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ, ನಡಾವಳಿ ಬರೆಯುವುದು ಮಲಯಾಳದಲ್ಲಿ. ಆ ವಿದ್ಯಾರ್ಥಿನಿಯ ತಾಯಿ ನಮ್ಮಲ್ಲಿಯೇ ಕಲಿತವರು; ಕನ್ನಡದಲ್ಲಿ ಚಂದವಾಗಿ ಬರೆಯಬಲ್ಲರು. ಸಭೆಯಲ್ಲಿ ತುಳುವಿನಲ್ಲಿ ಮಾತನಾಡಿ, ತನಗೆ ಓದಲು ಬಾರದ ಬರಹದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿ ಬರುತ್ತಾರೆ.

ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ನಮ್ಮ ಮಕ್ಕಳು ಅದನ್ನು ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಅವರ ಅಪ್ಪ ಅಮ್ಮಂದಿರು ಕಚೇರಿಗಳಲ್ಲಿ ಅರ್ಜಿ ಹಿಡಿದು ಇನ್ನೊಬ್ಬರ ಮುಖ ನೋಡಿದಂತೆ ಅವರು ನೋಡುವುದು ಬೇಡ. ಆದರೆ ಕನ್ನಡ ಈ ಊರಿನಲ್ಲಿ ಕೂಡುವ ಭಾಷೆಯಾಗಿ ಬದುಕಿತ್ತು. ಕೂಡುವ ಜಾಗದಿಂದ ಅದು ಎದ್ದುಹೋದರೆ ಉಳಿಯುವುದು ಪಾಠದ ಪುಸ್ತಕ, ನಲುವತ್ತು ನಿಮಿಷದ ಅವಧಿ, ಪರೀಕ್ಷೆಯ ಅಂಕ. ಅಷ್ಟರ ಬಲದಿಂದ ಒಂದು ಭಾಷೆಯನ್ನು ಹಿಡಿದುಕೊಳ್ಳುವುದು ನಮ್ಮಂಥ ಅಧ್ಯಾಪಕರಿಂದ ಆಗುವ ಕೆಲಸವಲ್ಲ. ಮೂವತ್ತು ವರ್ಷಗಳಿಗೆ ಹತ್ತಿರ ಪಾಠ ಮಾಡಿದ ಮೇಲೆ ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಆದುದರಿಂದ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಶತಮಾನೋತ್ಸವದ ನೆನಪಿಗೆ ದ್ವಾರ ಕಟ್ಟಿಸಬೇಕೆಂಬ ಸಲಹೆ ಬಂದಿದೆ. ದ್ವಾರ ಆಗಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಹಳೆಯ ಕಟ್ಟಡದ ಪೂರ್ವದ ಜಗಲಿಯ ಹಂಚನ್ನು ಸರಿಪಡಿಸಿ, ಶನಿವಾರ ಸಂಜೆಗಳಲ್ಲಿ ಅದನ್ನು ಊರಿಗೆ ತೆರೆದಿಡೋಣ. ಪತ್ರಿಕೆ ಇಡೋಣ, ತಿಂಗಳಿಗೊಂದು ತಾಳಮದ್ದಳೆ ಇರಲಿ. ಅಯಲ್‌ಕೂಟದವರು ಬಯಸಿದರೆ ಅಲ್ಲಿಯೇ ಕೂಡಲಿ. ನಡಾವಳಿಯ ಕನ್ನಡ ಪ್ರತಿಯನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಬರೆದುಕೊಡುತ್ತಾರೆ, ಅವರಿಗೆ ಎರಡೂ ಲಿಪಿ ಬರುತ್ತದೆ. ಈ ಸಲ ಅರ್ಥ ಹೇಳಲು ಹೆಣ್ಣುಮಕ್ಕಳ ಒಂದು ತಂಡ ಸಿದ್ಧವಾಗುತ್ತಿದೆ. ಪ್ರಸಂಗ ಅಂಗದ ಸಂಧಾನ, ಪಾರ್ತಿಸುಬ್ಬನದೇ. ರಾವಣನ ಅರ್ಥ ಹೇಳುವ ಹುಡುಗಿಯ ಮನೆಮಾತು ಮಲಯಾಳ. ಅಂಗದನನ್ನು ಮಾತನಾಡಲು ಬಿಡುವುದೇ ಇಲ್ಲವೆಂದು ಅಭ್ಯಾಸದಲ್ಲಿ ದಿನಾ ದೂರು ಬರುತ್ತಿದೆ.

ಮುಂದಿನ ಶನಿವಾರ ಸಂಜೆ ಆರು ಗಂಟೆಗೆ ಆರಂಭ. ಚಾಪೆಗಳಿವೆ, ಚಾ ಇದೆ. ಗೋಳಿಬಜೆಯ ಹೊಣೆಯನ್ನು ಹಿಂದೆ ತಿಂದವರು ವಹಿಸಿಕೊಳ್ಳಬೇಕು.